ಟಾಕಿ ತಿರುವಿನ ಹಳದಿ ಕಲ್ಲು

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊಮ್ಮಗಳ ತೊಟ್ಟಿಲ ಕಾರ್ಯ ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಆಪರೇಷನ್ ಆಗಲಿ ಎಂದೆ, ಅದೂ ಆಯಿತು. ಬೇಸಿಗೆಯಲ್ಲಿ ಸೆಕೆಯ ನೆಪ, ಚಳಿಗಾಲದಲ್ಲಿ ಬೆರಳು ಸೆಟೆಯುವ ನೆಪ. ಹತ್ತನೇ ತರಗತಿ ಪಾಸಾದವನು ಬರೆಯಲು ಬರುವುದಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ಬರೆಯಲು ಬರುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ.

ಇದರಲ್ಲಿ ಬರುವ ಮನುಷ್ಯನ ಹೆಸರನ್ನು ಈಗಲೇ ಹೇಳುವುದಿಲ್ಲ. ಆ ಹೆಸರನ್ನು ನಾನು ಕೊನೆಯ ಸಲ ಬಾಯಿಬಿಟ್ಟು ಆಡಿದ್ದು ಜಹೀರಾಬಾದಿನ ಒಂದು ಚಹಾದಂಗಡಿಯಲ್ಲಿ. ಆಮೇಲೆ ಆಡಿಲ್ಲ. ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ಬರೆಯುವ ಧೈರ್ಯ ನನ್ನಲ್ಲಿ ಉಳಿಯುವುದಿಲ್ಲ. ಸದ್ಯಕ್ಕೆ ಡ್ರೈವರ್ ಎನ್ನುತ್ತೇನೆ. ಆಗಲೂ ಎದುರಿಗೆ ‘ಡ್ರೈವರ್ ಸಾಬ್’ ಎಂದೇ ಕರೆಯುತ್ತಿದ್ದೆ.

ಕಳೆದ ತಿಂಗಳು ರಾಯಿಕೋಡಿನಿಂದ ಜಹೀರಾಬಾದಿಗೆ ಹೋಗುವಾಗ, ಊರು ಬರುವ ಮೊದಲೇ ಬಸ್ಸಿನಿಂದ ಇಳಿದೆ. ಇಳಿಯಬೇಕೆಂದು ಮೊದಲೇ ಅಂದುಕೊಂಡಿದ್ದಲ್ಲ. ಕಿಟಕಿಯಲ್ಲಿ ಆ ನೀರಿನ ಟಾಕಿ ಕಂಡಿತು, ಎದ್ದುಬಿಟ್ಟೆ. ಅಲ್ಲೀಗ ಮದುವೆಯ ಹಾಲ್ ಕಟ್ಟಿದ್ದಾರೆ. ಹಿಂದಿನ ಖಾಲಿ ಜಾಗದಲ್ಲಿ ಶಾಮಿಯಾನದ ಕಂಬಗಳು, ಕಾಲು ಮುರಿದ ಕುರ್ಚಿಗಳು. ಟಾಕಿಯ ಬುಡದಲ್ಲಿ ಮಾತ್ರ ಬಾಗಿದ ಡಾಂಬರಿನ ಒಂದು ತುಂಡು ಉಳಿದಿದೆ. ನಾನು ನೋಡುತ್ತ ನಿಂತಾಗಲೇ ಮಳೆ ಹನಿಯಿತು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಮೊದಲ ಹನಿಗಳು ಬಿದ್ದಾಗ ಏಳುವ ವಾಸನೆಯಲ್ಲಿ ಸುಟ್ಟ ಟೈರಿನ ವಾಸನೆಯೂ ಸೇರಿದಂತೆ ಅನ್ನಿಸಿತು. ಇಷ್ಟು ವರ್ಷಗಳ ಮೇಲೆ ಅದು ಇರಲಾರದು. ಆದರೂ ನಾನು ಮಳೆಯಲ್ಲೇ ನಿಂತೆ, ಮನೆಗೆ ಬಂದು ಈ ಕಾಗದ ತೆಗೆದೆ.

ಆ ಡಾಂಬರಿನ ತುಂಡು ಒಂದು ಕಾಲದಲ್ಲಿ ಬಾಡಿಗೆ ರೇಸ್ ಗಾಡಿಗಳ ಮೈದಾನದ ಭಾಗವಾಗಿತ್ತು. ಗೋ-ಕಾರ್ಟ್ ಎನ್ನುತ್ತಾರೆ. ನೆಲಕ್ಕೆ ಮೈ ತಾಗುವಷ್ಟು ಗಿಡ್ಡ ಗಾಡಿ. ಒಂದು ಸೀಟು, ಹಿಂದೆ ಸಣ್ಣ ಇಂಜಿನ್, ಒಂದು ಬ್ರೇಕ್, ವೇಗ ಹೆಚ್ಚಿಸಲು ತುಳಿಯುವ ಒಂದು ರೇಸ್. ಹೈದರಾಬಾದಿನಿಂದ ಮುಂಬೈ ಕಡೆಗೆ ಹೋಗುವ ಕಾರಿನವರು ಪಕ್ಕದ ಧಾಬಾದಲ್ಲಿ ಊಟ ಮಾಡಿ, ಹಣ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊಡೆದು ಹೋಗುತ್ತಿದ್ದರು. ಮಾಲಕ ಕೋಸ್ತಾ, ಅಂದರೆ ಕರಾವಳಿ ಆಂಧ್ರದ ಕಡೆಯವನು, ಹೈದರಾಬಾದಿನಲ್ಲಿ ನೆಲೆಸಿದ್ದ. ತಿಂಗಳಿಗೊಮ್ಮೆ ಬರುತ್ತಿದ್ದ. ಮೈದಾನ ನೋಡಿಕೊಳ್ಳುವವನು ನಾನೊಬ್ಬನೇ. ಬೆಳಿಗ್ಗೆ ಗುಡಿಸುವುದು, ಗಾಡಿಗೆ ಪೆಟ್ರೋಲು ಹಾಕುವುದು, ಬಾವುಟ ತೋರಿಸುವುದು, ಯಾರಾದರೂ ಟೈರಿನ ಗೋಡೆಗೆ ಗುದ್ದಿದರೆ ಎಳೆದು ತೆಗೆಯುವುದು.

ಅದಕ್ಕೂ ಮೊದಲು ನಾನು ಲಾರಿ ಓಡಿಸುತ್ತಿದ್ದೆ. ತಾಂಡೂರಿನ ಹಾಸುಗಲ್ಲು ಹೇರಿಕೊಂಡು ಸೋಲಾಪುರದ ಕಡೆ ಹೋಗುವ ಲಾರಿ. ಒಮ್ಮೆ ಕಲ್ಲು ಇಳಿಸುವಾಗ ಚಕ್ಕೆ ಸಿಡಿದು ಬಲಗಣ್ಣಿಗೆ ಬಡಿಯಿತು. ಕಣ್ಣು ಹೋಗಲಿಲ್ಲ, ಆದರೆ ಅದರಲ್ಲಿ ಎಲ್ಲವೂ ಹಾಲು ಚೆಲ್ಲಿದ ಹಾಗೆ ಕಾಣತೊಡಗಿತು. ದೊಡ್ಡ ಗಾಡಿಯ ಲೈಸನ್ಸ್ ಮತ್ತೆ ಸಿಗಲಿಲ್ಲ. ಮೈದಾನದ ಕೆಲಸಕ್ಕೆ ಸೇರುವಾಗ ಕಣ್ಣಿನ ವಿಷಯ ಮಾಲಕನಿಗೆ ಹೇಳಲಿಲ್ಲ. ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮಗಳು ತಾಂಡೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ನಾನು ಮೈದಾನದ ಅಂಚಿನ ತಗಡಿನ ಕೋಣೆಯಲ್ಲಿ ಇರುತ್ತಿದ್ದೆ. ಗಿರಾಕಿ ಇಲ್ಲದಾಗ ಗಾಡಿ ತೆಗೆದು ನಾನೇ ಸುತ್ತು ಹೊಡೆಯುತ್ತಿದ್ದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರಿಗಿಂತ ವೇಗದ ಸುತ್ತಿನ ಹೊತ್ತು ಬರೆದಿರುತ್ತಿತ್ತು. ಅದರ ಮುಂದೆ ನನ್ನ ಹೆಸರು. ಆ ವಯಸ್ಸಿನಲ್ಲಿ ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಆ ಹಲಗೆಯ ಮೇಲಿನ ಒಂದು ಸಾಲು.

ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ವರ್ಷ ಅದು. ಭಾದ್ರಪದದಲ್ಲಿ ಬಸ್ಸು ನಿಂತವು, ಶಾಲೆಗೆ ಬೀಗ ಬಿತ್ತು. ಹೆದ್ದಾರಿಯ ಮೇಲೆ ಒಲೆ ಹೂಡಿ ಜನ ಅಲ್ಲಿಯೇ ಅಡುಗೆ ಮಾಡಿ ಉಂಡರು. ಆಶ್ವೀಜದಲ್ಲಿ ಹೆಂಗಸರು ರಸ್ತೆಯ ನಡುವೆ ತಂಗಡಿ ಹೂ ಗೋಪುರದಂತೆ ಪೇರಿಸಿದ ಬತುಕಮ್ಮ ಇಟ್ಟು ಚಪ್ಪಾಳೆ ತಟ್ಟುತ್ತ ಸುತ್ತಿದರು. ಹಗಲೂ ರಾತ್ರಿ ಗುಡುಗುತ್ತಿದ್ದ ರಸ್ತೆ ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ ಕಬ್ಬಿನ ಗದ್ದೆಯಲ್ಲಿ ಗಾಳಿ ಹೊರಳುವುದು ಕೇಳುತ್ತಿತ್ತು. ಧಾಬಾ ಮುಚ್ಚಿತು. ಕಾರು ಬರಲಿಲ್ಲ. ಮಾಲಕ ಫೋನಿನಲ್ಲಿ ಗೇಟು ಹಾಕಿಕೊಂಡು ಇರು ಎಂದ. ಇದ್ದೆ. ಮಾತಾಡಲು ಯಾರೂ ಇಲ್ಲದೆ ಇಂಜಿನ್‌ಗಳ ಜೊತೆ ಮಾತಾಡುವ ಚಟ ಹತ್ತಿತು.

ಒಂದು ಮಧ್ಯಾಹ್ನ ಬೇಲಿಯ ಆಚೆ ಒಬ್ಬ ಮನುಷ್ಯ ಕೈ ಹಿಂದೆ ಕಟ್ಟಿ ನಿಂತಿದ್ದ. ನಾನು ಸುತ್ತು ಮುಗಿಸಿ ನಿಲ್ಲಿಸಿದಾಗ ಕೂಗಿದ:

“ಕಾಕಾ, ಎಲ್ಲಿಗಿ ಹೊಂಟೀರಿ ಇಷ್ಟ ಜೋರಿಲೆ, ಬಂಬೈಗಾ?”

“ಬಂಬೈಗೇ,” ಎಂದೆ.

“ಮತ್ತ ಎಷ್ಟ ಹೋದ್ರೂ ಆ ಬ್ಯಾವಿನ ಗಿಡಕ್ಕೇ ಬಂದ್ರಿ!”

ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ಗೇಟು ತೆಗೆದೆ. ಆತ ಸರಕಾರಿ ಬಸ್ಸಿನ ಡ್ರೈವರ್. ತಾಂಡೂರಿನಿಂದ ಜಹೀರಾಬಾದಿನ ಮೇಲೆ ನಾರಾಯಣಖೇಡಕ್ಕೆ ಹೋಗುವ ಬಸ್ಸು ಆತನದು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಕುರಿ ಸಾಕುವ ಮನೆತನ. ಹೆಂಡತಿ ಮಕ್ಕಳು ಊರಲ್ಲಿ, ಈತ ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿ. ಬಸ್ ಸ್ಟ್ಯಾಂಡಿನ ಮುಂದೆ ಹರತಾಳದವರು ಹಾಕಿದ್ದ ಡೇರೆಯಲ್ಲಿ ಮಧ್ಯಾಹ್ನದವರೆಗೆ ಕುಳಿತು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಹೆದ್ದಾರಿ ಹಿಡಿದು ನಡೆಯುತ್ತ ಬಂದಿದ್ದ.

“ಕೈ ಒಂಥರಾ ಆಗ್ಯಾವ್ರಿ ಕಾಕಾ,” ಎಂದ. “ನಿದ್ದ್ಯಾಗ ಗೇರ್ ಹಾಕ್ತೀನಿ. ಮನ್ಯಾಗಿದ್ದಿದ್ರ ಹೆಂಡ್ತಿ ಒದೀತಿದ್ಳು.”

“ಒಂದ ಸುತ್ತ ಹೊಡೀರಿ ಹಂಗಾರ,” ಎಂದು ಗಾಡಿ ತೋರಿಸಿದೆ.

ಆತ ಹಿಂದೆ ಸರಿದ. “ಬ್ಯಾಡ್ರಿ. ಡೇರೇದಾಗ ಎಲ್ಲಾರೂ ಕೈ ಮುಂದ ಮಾಡಿ ಮಾತ ಕೊಟ್ಟೀವಿ. ಹರತಾಳ ಮುಗಿಯೂತನಕಾ ಸ್ಟೇರಿಂಗ್ ಮುಟ್ಟಂಗಿಲ್ಲಂತ.”

ಅದು ಬರಿಯ ಮಾತಾಗಿರಲಿಲ್ಲ. ಆ ದಿನಗಳಲ್ಲಿ ಯಾರಾದರೂ ಡ್ರೈವರು ಕದ್ದು ಜೀಪು ಓಡಿಸಿದ ಎಂದು ಸುದ್ದಿಯಾದರೆ ಆತನಿಗೆ ಊರಲ್ಲಿ ತಲೆಯೆತ್ತಿ ನಡೆಯಲು ಆಗುತ್ತಿರಲಿಲ್ಲ. ಸಂಬಳವಿಲ್ಲದೆ ಕುಳಿತವರಿಗೆ ತಮ್ಮೊಳಗಿನ ಒಬ್ಬ ತಪ್ಪಿದರೆ ಶತ್ರುವಿನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆತ ಹೋಗಿಬಿಟ್ಟರೆ ಆ ಮಧ್ಯಾಹ್ನ ಮತ್ತೆ ನಾನೊಬ್ಬನೇ.

“ಇದೇನ್ ಬಸ್ಸೇನ್ರಿ? ಆಟದ ಗಾಡಿ,” ಎಂದೆ. “ಇದರ ಸ್ಟೇರಿಂಗ್ ಯಾರ್ ಲೆಕ್ಕಕ್ಕ ಹಿಡೀತಾರ? ಕುಂದರ್ರಿ.”

ಆತ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ನೆಲಕ್ಕೊಮ್ಮೆ ಕೈ ಮುಟ್ಟಿಸಿ ಹಣೆಗೆ ಇಟ್ಟುಕೊಂಡು ಕುಳಿತ. ಬಸ್ಸು ಹತ್ತುವಾಗಲೂ ಹಾಗೆಯೇ ಮಾಡುತ್ತಿದ್ದನಂತೆ.

ಅಂದಿನಿಂದ ದಿನವೂ ಬರುತ್ತಿದ್ದ. ಮೈದಾನದಲ್ಲಿ ಉದ್ದನೆಯ ಒಂದು ನೇರ ದಾರಿ, ಅದರ ಕೊನೆಗೆ ಬೇವಿನ ಗಿಡದ ಹತ್ತಿರ ಹಿಂದಕ್ಕೇ ತಿರುಗಿಸುವ ಇಕ್ಕಟ್ಟಿನ ತಿರುವು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಜೋಡಿ ತಿರುವು, ಕೊನೆಗೆ ನೀರಿನ ಟಾಕಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವ ಟಾಕಿ ತಿರುವು. ನನ್ನ ಪದ್ಧತಿ ಇಷ್ಟೇ: ತಿರುವಿನ ಬಾಯಿಯವರೆಗೂ ಪೂರಾ ರೇಸ್, ಅಲ್ಲಿ ಒಮ್ಮೆಗೇ ಬ್ರೇಕ್ ತುಳಿದು ಗಾಡಿಯನ್ನು ಜಾರಿಸುವುದು. ಟೈರು ಚೀರುತ್ತಿದ್ದವು, ಕೆಂಪು ಧೂಳು ಏಳುತ್ತಿತ್ತು. ನೋಡಿದವರು ವೇಗ ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಆತನ ಗಾಡಿ ಚೀರುತ್ತಲೇ ಇರಲಿಲ್ಲ. ನೇರ ದಾರಿಯಲ್ಲಿಯೇ ಬ್ರೇಕ್ ಮುಗಿಸುತ್ತಿದ್ದ. ತಿರುವಿನ ಹೊರ ಅಂಚಿಗೆ ಗಾಡಿ ಇಟ್ಟು, ತಿರುಗಿಸಲು ಅವಸರ ಮಾಡದೆ, ನನಗೆ ತಡವಾಯಿತು ಅನ್ನಿಸುವವರೆಗೂ ಕಾಯುತ್ತಿದ್ದ. ಆಮೇಲೆ ಒಂದೇ ಸಲ ಸ್ಟೇರಿಂಗ್ ತಿರುಗಿಸಿ, ಅರ್ಧ ತಿರುವು ದಾಟಿದ ಮೇಲೆ ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬಿಟ್ಟುಬಿಡುತ್ತಿದ್ದ. ಒಳ ಅಂಚು ಸವರುವ ಹೊತ್ತಿಗೇ ಕಾಲು ರೇಸಿನ ಮೇಲೆ. ನೋಡಲು ನಿಧಾನ. ಸುತ್ತು ಅಳೆಯಲು ನಾನು ಕೊರಳಿಗೆ ಹಾಕಿಕೊಂಡಿದ್ದ ಗಡಿಯಾರ ಒತ್ತಿದರೆ ನನ್ನ ಹೊತ್ತಿನ ಹತ್ತಿರ ಹತ್ತಿರಕ್ಕೆ ಬರುತ್ತಿದ್ದ.

“ಇದ್ಯಾವ ವಿದ್ಯಾ ಡ್ರೈವರ್ ಸಾಬ್?” ಎಂದು ಕೇಳಿದೆ.

“ವಿದ್ಯಾ ಏನಿಲ್ರಿ. ನನ್ ಬಸ್ಸಿನಾಗ ಅರ್ಧ ಮಂದಿ ನಿಂತೇ ಇರ್ತಾರ. ಬಗಲಾಗ ಕೂಸು, ತಲಿಮ್ಯಾಲ ಬುಟ್ಟಿ. ಟರ್ನಿಂಗಿನಾಗ ಬ್ರೇಕ್ ಹೊಡದ್ರ ಎಲ್ಲಾರೂ ನನ್ನ ತಾಯಿನ ನೆನಸ್ತಾರ. ಅದಕ್ಕ ಮೊದ್ಲೇ ಬ್ರೇಕ್ ಮುಗಸಿ, ಒಂದೇ ಸಲ ತಿರುಗಸಿ, ಸಣ್ಣಗ ಎತ್ತಿಕೊಂಡ ಹೋಗಾದು. ಇಲ್ಲೂ ಹಂಗೇ. ಹಿಂದ ಒಬ್ಬಾಕಿ ಬಸರಿ ನಿಂತಾಳಂತ ತಿಳಕೊಂಡ ಓಡಸ್ರಿ.”

“ಹಂಗ ಓಡಸಿದ್ರ ರೇಸ್ ಹೆಂಗಾಗ್ತದ?”

“ಆಕಿ ಬೀಳಲಿಲ್ಲಂದ್ರ ನಿಮ್ಮ ವೇಗಾನೂ ಬೀಳಂಗಿಲ್ಲ. ನೀವ್ ಜಾರಸ್ತೀರಿ, ಇಂಜಿನ್ ಉಸಿರು ಕಟ್ತದ. ಸಣ್ಣ ಇಂಜಿನ್ನು, ಮತ್ತ ಓಟ ಹಿಡೀಬೇಕಂದ್ರ ಅರ್ಧ ಮೈದಾನ ಬೇಕು.”

ಜೋಡಿ ತಿರುವಿನಲ್ಲಿ ಆತ ನನಗೆ ಕಲಿಸಿದ್ದು ಇನ್ನೂ ವಿಚಿತ್ರವಾಗಿತ್ತು. ಮೊದಲನೆಯದರಲ್ಲಿ ಬೇಕೆಂದೇ ನಿಧಾನವಾಗಬೇಕು. ಅಲ್ಲಿ ಗೆದ್ದರೆ ಎರಡನೆಯದಕ್ಕೆ ತಪ್ಪು ಬದಿಯಲ್ಲಿ ಸಿಕ್ಕಿಬೀಳುತ್ತೇವೆ. ಅಲ್ಲಿ ಬಿಟ್ಟುಕೊಟ್ಟರೆ ಎರಡನೆಯದನ್ನು ನೇರವಾಗಿ ಹಿಡಿದು ಹೊರಬೀಳುತ್ತೇವೆ. ಇಡೀ ಮಧ್ಯಾಹ್ನ ನಾವಿಬ್ಬರೂ ಆ ದಾರಿಯನ್ನು ಕಾಲಲ್ಲಿ ನಡೆದು ನೋಡುತ್ತಿದ್ದೆವು. ಬಹಳ ಗಾಡಿ ಓಡಿದ ಕಡೆ ರಬ್ಬರು ಅಂಟಿ ಕಪ್ಪಾಗಿತ್ತು, ಉಳಿದ ಕಡೆ ನಮ್ಮ ನೆಲದ ಕೆಂಪು ಧೂಳು. ಆತ ಕುಕ್ಕರಗಾಲಲ್ಲಿ ಕುಳಿತು ಆ ಕಪ್ಪು ಗೆರೆಯನ್ನು ನೋಡಿ, “ಕುರಿ ದಾರಿ ಹಂಗೇ ಅದ ನೋಡ್ರಿ. ಕುರೀನೂ ಮೂಲಿ ಸುತ್ತಿ ಹೋಗಂಗಿಲ್ಲ, ಒಳಗ ಕೊಯ್ಕೊಂಡ ಹೋಗ್ತದ,” ಎಂದ. ಅವನು ತಂದ ಜೋಳದ ರೊಟ್ಟಿ, ನನ್ನ ಒಲೆಯ ಚಹಾ. ಊರಲ್ಲಿ ಹರತಾಳದ ಘೋಷಣೆ ಮೈಕಿನಲ್ಲಿ ಕೇಳುತ್ತಿತ್ತು. ಹೆಂಡತಿ ಹೋದ ಮೇಲೆ ನಾನು ಇನ್ನೊಬ್ಬರ ಜೊತೆ ಕುಳಿತು ಉಂಡದ್ದು ಆ ದಿನಗಳಲ್ಲಿಯೇ.

ಟಾಕಿ ತಿರುವಿನಲ್ಲಿ ಮಾತ್ರ ನನಗೆ ಬರುತ್ತಿರಲಿಲ್ಲ. ಬಲಕ್ಕೆ ತಿರುಗುವ ಉದ್ದನೆಯ ತಿರುವು. ಒಳ ಅಂಚು ಬಲಗಣ್ಣಿನ ಹಾಲಿನಲ್ಲಿ ಮುಳುಗಿಹೋಗುತ್ತಿತ್ತು. ಹೆದರಿ ಬೇಗ ತಿರುಗಿಸುತ್ತಿದ್ದೆ, ಕೊನೆಗೆ ಹೊರಗಿನ ಟೈರಿನ ಗೋಡೆಗೆ ಹೋಗುತ್ತಿದ್ದೆ. ಎರಡು ದಿನ ಆತ ನೋಡಿದ. ಮೂರನೆಯ ದಿನ ತಗಡಿನ ಕೋಣೆಯ ಹಿಂದೆ ಬಿದ್ದಿದ್ದ ತಾಂಡೂರಿನ ಹಳದಿ ಕಲ್ಲಿನ ಒಂದು ತುಂಡನ್ನು ಎತ್ತಿಕೊಂಡು ಹೋಗಿ, ತಿರುವಿನ ಎಡಗಡೆಯ ಹೊರ ಅಂಚಿನಲ್ಲಿ ನೆಲಕ್ಕೆ ಹೂತ.

“ಒಳಗಿಂದು ನೋಡಾಕ ಹೋಗಬ್ಯಾಡ್ರಿ,” ಎಂದ. “ಎಡಗಣ್ಣಿಗಿ ಈ ಹಳದಿ ಕಂಡಕೂಡ್ಲೇ ತಿರುಗಸ್ರಿ. ಒಳಗಿಂದು ತಾನೇ ಬಂದು ನಿಮ್ಮ ಹತ್ರ ನಿಲ್ತದ.”

ನಾನು ಅವನ ತೋಳು ಹಿಡಿದೆ. “ನಿಮಗ ಯಾರ್ ಹೇಳಿದ್ರು ನನ್ ಕಣ್ಣಿಂದು?”

“ಯಾರ್ ಹೇಳ್ತಾರ್ರಿ. ಚಹಾದ ಬಟ್ಲ ತಗೋಳಾಗ ನೀವ್ ಕುತ್ತಿಗಿ ತಿರುಗಸ್ತೀರಿ.” ಆಮೇಲೆ, ನನ್ನ ಮುಖ ನೋಡದೆ, “ನಿಮ್ಮ ಮಾಲಕಗ ಹೇಳಾಕ ನನಗೇನ್ ಬ್ಯಾರೆ ಕೆಲಸ ಇಲ್ಲೇನ್?” ಎಂದ.

ಕಲ್ಲು ಕಂಡಾಗ ತಿರುಗಿಸಿದೆ. ಗಾಡಿ ತನ್ನಷ್ಟಕ್ಕೆ ತಾನೇ ಒಳ ಅಂಚನ್ನು ಸವರಿ ನೇರ ದಾರಿಗೆ ಬಂತು. ಲಾರಿ ಬಿಟ್ಟ ಮೇಲೆ ಮೊದಲ ಸಲ ನನಗೆ ನಾನು ಡ್ರೈವರ್ ಅನ್ನಿಸಿತು. ಆ ದಿನ ಹಲಗೆಯ ಮೇಲೆ ನನ್ನದೇ ಹಳೆಯ ಹೊತ್ತನ್ನು ಅಳಿಸಿ ಹೊಸದು ಬರೆದೆ.

ಒಳ್ಳೆಯದು ಅಲ್ಲಿಗೆ ಮುಗಿಯಿತು. ಇನ್ನು ನನ್ನದು ಶುರು.

ಬಾಡಿಗೆ ಗಾಡಿ ಎಂದರೆ ಎಲ್ಲರೂ ಒಂದು ಮಾತು ಹೇಳುತ್ತಾರೆ: ಸೋತರೆ ಗಾಡಿಯ ತಪ್ಪು. ನಮ್ಮಲ್ಲಿ ನಾಲ್ಕನೇ ನಂಬರಿನದು ಚುರುಕು, ನಾನು ಯಾವಾಗಲೂ ಅದನ್ನೇ ಹಿಡಿಯುತ್ತಿದ್ದೆ. ಏಳನೇ ನಂಬರಿನದು ಮುದಿ ಎತ್ತು, ಯಾರಿಗೂ ಬೇಡ. ಒಂದು ದಿನ ಡ್ರೈವರು ಸುಮ್ಮನೆ ಏಳನೆಯದನ್ನು ತೆಗೆದ. ಗಡಿಯಾರ ಒತ್ತಿದೆ. ನನ್ನ ಹಲಗೆಯ ಹೊತ್ತಿಗಿಂತ ಕಡಿಮೆ ಬಂತು. ಇನ್ನೊಂದು ಸುತ್ತು ಒತ್ತಿದೆ. ಮತ್ತೂ ಕಡಿಮೆ.

“ಎಷ್ಟ ಬಂತ್ರಿ ಕಾಕಾ?” ಎಂದು ಹೆಲ್ಮೆಟ್ ತೆಗೆಯುತ್ತ ಕೇಳಿದ.

“ಒತ್ತಾಕ ಮರತೆ,” ಎಂದೆ.

ಆತ ನಕ್ಕ. ನಂಬಿದನೋ ಇಲ್ಲವೋ ಗೊತ್ತಿಲ್ಲ. ಹಲಗೆಯ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ, ತನ್ನ ಹೆಸರು ಬರೆಯಿರಿ ಎಂದಿದ್ದರೆ, ಬಹುಶಃ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವನಿಗೆ ಅದು ಬೇಡವೇ ಆಗಿತ್ತು. ನನಗೆ ಇದ್ದದ್ದೆಲ್ಲ ಅದೇ. ಅಂದಿನಿಂದ ಅವನ ರೊಟ್ಟಿ ತಿನ್ನುವಾಗಲೂ ನನ್ನೊಳಗೆ ಒಂದು ಮುಳ್ಳು ಇತ್ತು. ಅವನು ಹೋದ ಮೇಲೆ ಒಬ್ಬನೇ ನಾಲ್ಕನೆಯ ಗಾಡಿ ತೆಗೆದು ಪೆಟ್ರೋಲು ಮುಗಿಯುವವರೆಗೆ ಸುತ್ತುತ್ತಿದ್ದೆ. ಅವನ ಹೊತ್ತು ಸಿಗುತ್ತಿರಲಿಲ್ಲ.

ದಸರಾ ಮುಗಿದು ಕೆಲವು ದಿನಕ್ಕೆ ರಸ್ತೆ ಸ್ವಲ್ಪ ಸಡಿಲಾಯಿತು. ಕಾರುಗಳು ಓಡಾಡತೊಡಗಿದವು, ಬಸ್ಸಿನವರ ಹರತಾಳ ಮಾತ್ರ ನಡೆದೇ ಇತ್ತು. ಮಾಲಕ ಹೈದರಾಬಾದಿನಿಂದ ನಾಲ್ಕೈದು ಜನ ಗೆಳೆಯರನ್ನು ಕರೆದುಕೊಂಡು ಬಂದ. ಡ್ರೈವರು ಆಗಲೇ ನನ್ನ ಕೋಣೆಯ ಮುಂದೆ ಚಹಾ ಕುಡಿಯುತ್ತ ಕುಳಿತಿದ್ದ. ಹೊರಡಲು ಎದ್ದವನನ್ನು ನಾನೇ ಕೂರಿಸಿದೆ: “ಕುಂದರ್ರಿ, ಅವರೇನ್ ನಿಮ್ಮನ್ನ ತಿಂತಾರೇನ್?” ನಿಜ ಹೇಳಬೇಕೆಂದರೆ ಮಾಲಕ ನನ್ನನ್ನು ಹೊಗಳುವುದನ್ನು ಆತ ನೋಡಲಿ ಎಂಬ ಆಸೆ.

ಅಷ್ಟರಲ್ಲಿ ಮಳೆ ಬಂದು ನಿಂತಿತು. ಮೈದಾನವೆಲ್ಲ ಹಸಿ. ಮಾಲಕ ಗೆಳೆಯರಿಗೆ, ನಮ್ಮ ಮುದುಕ ಹೇಗೆ ಓಡಿಸುತ್ತಾನೆ ನೋಡಿ ಎಂದು ತೆಲುಗಿನಲ್ಲಿ ಹೇಳಿ ನನ್ನನ್ನು ಕಳಿಸಿದ. ನಾನು ನಾಲ್ಕನೆಯದನ್ನು ತೆಗೆದು ಕಪ್ಪು ಗೆರೆಯ ಮೇಲೆಯೇ ಹೋದೆ. ಟಾಕಿ ತಿರುವು ಬಂತು. ಹಳದಿ ಕಲ್ಲು ಕಂಡಿತು. ತಿರುಗಿಸಿದೆ. ಗಾಡಿ ತಿರುಗಲಿಲ್ಲ, ಎಣ್ಣೆಯ ಮೇಲೆ ಹೋದ ಹಾಗೆ ಜಾರಿ, ಎರಡು ಸಲ ಗಿರ್ರನೆ ಸುತ್ತಿ ಟೈರಿನ ಗೋಡೆಗೆ ಬಡಿಯಿತು. ಗೆಳೆಯರು ನಕ್ಕರು. ಮಾಲಕ ಮಡಚಿದ ಕೊಡೆ ಹಿಡಿದು ಬಂದ. “ನಿನಗೆ ಕಣ್ಣು ಕಾಣುವುದಿಲ್ಲವೇನಯ್ಯ?” ಎಂದ.

ಸುಮ್ಮನೆ ಬೈದ ಮಾತು. ನನಗೆ ಮಾತ್ರ ಕಣ್ಣಿನ ಗುಟ್ಟು ಬಯಲಾಯಿತು ಅನ್ನಿಸಿತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನೇ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಆಗ ಡ್ರೈವರು ಓಡುತ್ತ ಬಂದು ನಡುವೆ ನಿಂತ.

“ಅವರ ಕಣ್ಣಿನ ತಪ್ಪಲ್ರಿ ಸಾಬ್. ದಾರೀದು. ಒಣಗಿದ್ದಾಗ ಈ ಕರೀ ಗೆರಿ ಹಿಡೀತದ, ಮಳ್ಯಾಗ ಅದೇ ಜಾರ್ತದ. ಯಾರ್ ಹೋದ್ರೂ ಹಿಂಗೇ ಆಗ್ತದ. ತೋರಸ್ತೀನಿ, ನೋಡ್ರಿ.”

ಏಳನೇ ನಂಬರಿನ ಗಾಡಿ ತೆಗೆದ. ಮೊದಲ ಸುತ್ತಿನಲ್ಲಿ ಕಪ್ಪು ಗೆರೆಯ ಮೇಲೆ ಬಂದು, ನಾನು ಸುತ್ತಿದ ಜಾಗದಲ್ಲಿಯೇ ನನ್ನ ಹಾಗೆಯೇ ಸುತ್ತಿ ಟೈರಿಗೆ ಬಡಿದ. ಗೆಳೆಯರು ಮತ್ತೆ ನಕ್ಕರು. ಎರಡನೆಯ ಸುತ್ತಿನಲ್ಲಿ ಕಪ್ಪು ಗೆರೆ ಬಿಟ್ಟು, ಯಾರೂ ಓಡಿಸದ ಹೊರಗಿನ ಒರಟು ಡಾಂಬರಿನ ಮೇಲೆ, ಟೈರಿನ ಗೋಡೆಯ ಪಕ್ಕದಲ್ಲೇ ದೊಡ್ಡದಾಗಿ ಸುತ್ತಿಕೊಂಡು ಹೋದ. ಗಾಡಿ ಅಲುಗಲಿಲ್ಲ. ಮಳೆಯ ಮೊದಲ ಹೊಡೆತ ಅಲ್ಲಿಯ ಧೂಳನ್ನು ತೊಳೆದಿತ್ತು. ಮಾಲಕ ಬಾಯಿ ತೆರೆದು ನೋಡಿದ.

ಅವನು ಮೊದಲ ಸುತ್ತಿನಲ್ಲಿ ಬೇಕೆಂದೇ ಸುತ್ತಿಬಿದ್ದದ್ದು ನನ್ನನ್ನು ಉಳಿಸಲು. ಕೊಟ್ಟ ಮಾತನ್ನು ಪರರ ಕಣ್ಣ ಮುಂದೆ ಮುರಿದದ್ದೂ ನನ್ನನ್ನು ಉಳಿಸಲು. ಈಗ ಇದನ್ನು ಬರೆಯುವಾಗ ಎಷ್ಟು ಸ್ಪಷ್ಟವಾಗಿದೆ. ಅಂದು ನನಗೆ ಕೇಳಿಸಿದ್ದು ಮಾಲಕನ ಮಾತು ಮಾತ್ರ: “ಇವನು ಯಾರು? ಇಷ್ಟು ದಿನ ನೀನೇ ದೊಡ್ಡ ಉಸ್ತಾದ್ ಅಂದುಕೊಂಡಿದ್ದೆನಲ್ಲ!” ಆಮೇಲೆ ಅವನ ಕಡೆ ತಿರುಗಿ, ಗೆಳೆಯರಿಗೂ ಆ ದಾರಿ ಕಲಿಸು ಎಂದು ನೋಟು ಚಾಚಿದ.

ಡ್ರೈವರು ಕೈ ಹಿಂದೆ ಕಟ್ಟಿಕೊಂಡ. “ರೊಕ್ಕ ಮುಟ್ಟಂಗಿಲ್ರಿ. ನಾ ಹರತಾಳದಾಗಿದ್ದೀನಿ,” ಎಂದ. ನನ್ನ ಕಡೆ ನೋಡಿ, “ಕಾಕಾ, ಚಹಾ ಆರತು,” ಎಂದು ಕೋಣೆಯ ಕಡೆ ನಡೆದ.

ಅವರೆಲ್ಲ ಹೋದ ಮೇಲೆ ನಾನು ಆ ಹಳದಿ ಕಲ್ಲನ್ನು ಕಿತ್ತೆ. ಅವನ ಕಲ್ಲು ನಂಬಿದ್ದಕ್ಕೇ ಬಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಹೋದೆ. ಅಲ್ಲಿಗೆ ನಾನು ಹೋಗುವ ರೂಢಿ ಇರಲಿಲ್ಲ. ಹರತಾಳದವರು ನಿಂತು ಚಹಾ ಕುಡಿಯುತ್ತಿದ್ದರು. ಅವರಲ್ಲಿ ದಪ್ಪ ಕನ್ನಡಕದ ಒಬ್ಬ ಕಂಡಕ್ಟರ್, ನಗಿಸುವ ಮನುಷ್ಯ, ನನ್ನನ್ನು ಗುರುತಿಸಿದ.

“ಏನ್ ಯಜಮಾನ್ರ, ನಿಮ್ಮ ಗಿರಗಿಟ್ಲಿ ಬಂಡಿ ಹೆಂಗ ನಡದಾವ? ನಮ್ಮ ಡ್ರೈವರ್ ಒಬ್ಬ ಮಧ್ಯಾಹ್ನ ಆತಂದ್ರ ಹೈವೇ ಹಿಡದು ಎಲ್ಲಿ ಹೋಗ್ಯಾನಂತ ತಿಳಿಯಂಗಿಲ್ಲ. ಯಾರರ ಇಟ್ಕೊಂಡಾನೇನ್?”

ಎಲ್ಲರೂ ನಕ್ಕರು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ನಗುತ್ತ ಸುಮ್ಮನಿದ್ದರೂ ಮುಗಿಯುತ್ತಿತ್ತು. ನಾನು ಅವನ ಹೆಸರು ಹಿಡಿದು ಹೇಳಿದೆ, “ಅವರಾ? ನಮ್ಮಲ್ಲೇ ಬರ್ತಾರಲ್ರಿ. ಗಾಡಿ ಓಡಸ್ತಾರ.”

ನಗು ನಿಂತಿತು. “ಓಡಸ್ತಾನಾ?” ಎಂದ ಕಂಡಕ್ಟರ್.

“ಹೂಂ. ನಿನ್ನಿ ನಮ್ಮ ಮಾಲಕನ ಮಂದಿ ಮುಂದ ಓಡಸಿ ತೋರಸಿದ್ರು.” ಇಲ್ಲಿಯವರೆಗೆ ಹೇಳಿದ್ದು ಹೇಗೋ ಹೇಳಿದ್ದು. ಆಮೇಲೆ ಒಂದು ಮಾತು ಸೇರಿಸಿದೆ. “ಕೂಲಿ ತಗೊಂಡು.”

ಆ ಎರಡು ಶಬ್ದ ಸುಳ್ಳು. ಉಳಿದದ್ದೆಲ್ಲ ನಿಜವಾಗಿದ್ದರಿಂದ ಅದೂ ನಿಜವಾಗಿಬಿಟ್ಟಿತು.

ನಾನು ಅಂಗಡಿಯ ಬೆಂಚಿನಿಂದ ಏಳುವ ಮೊದಲೇ ಡ್ರೈವರು ಬಂದ. ಎಂದಿನಂತೆ ಡೇರೆಯೊಳಗೆ ತನ್ನ ಜಾಗದಲ್ಲಿ ಕುಳಿತ. ಪಕ್ಕದವರು ಎದ್ದು ದೂರ ಕುಳಿತರು. ಕಂಡಕ್ಟರ್ ಮೈಕು ಹಿಡಿದು ಅವನ ಹೆಸರು ಕರೆದ. ದಸರೆಗೆ ಬಂದ ಆಟಿಕೆ ಅಂಗಡಿ ಇನ್ನೂ ಬಸ್ ಸ್ಟ್ಯಾಂಡಿನ ಬದಿಗೆ ಇತ್ತು. ಯಾರೋ ಅಲ್ಲಿಂದ ಕೆಂಪು ಪ್ಲಾಸ್ಟಿಕ್ ಕಾರೊಂದನ್ನು ತಂದರು. ಸುತಳಿ ಕಟ್ಟಿ ಅವನ ಕೊರಳಿಗೆ ಹಾಕಿದರು. “ಓಡಸು ನೋಡೂಣು! ನಮ್ಮ ಮಕ್ಕಳು ಉಪಾಸ ಮಲಗ್ಯಾವ, ನೀ ಆಂಧ್ರದವರ ರೊಕ್ಕಕ್ಕ ಗಾಡಿ ಓಡಸ್ತಿ! ಓಡಸು!” ಎಂದು ಡೇರೆಯ ಸುತ್ತ ತಿರುಗಿಸಿದರು. ಜನ ಸೇರಿದರು.

ಆತ, “ಓಡಸಿದ್ದು ಖರೆ. ಅದು ನನ್ ತಪ್ಪು. ಕೂಲಿ ಮಾತ್ರ ಮುಟ್ಟಿಲ್ಲ,” ಎಂದ. ಮತ್ತೆ ಅದನ್ನೇ ಅಂದ. ಯಾರು ಹೇಳಿದರು ಎಂದು ಕೇಳಲಿಲ್ಲ. ರಸ್ತೆಯ ಈಚೆ ಚಹಾದಂಗಡಿಯ ಬೆಂಚಿನ ಮೇಲೆ ನಾನು ಕುಳಿತದ್ದು ಅವನಿಗೆ ಕಂಡಿತು. ಕಣ್ಣಿಗೆ ಕಣ್ಣು ಕೂಡಿತು. ನಾನು ಎದ್ದು ಹೋಗಿ, ಕೂಲಿಯ ಮಾತು ಸುಳ್ಳು ಎನ್ನಬಹುದಿತ್ತು. ರಸ್ತೆ ಖಾಲಿಯಾಗಿತ್ತು, ದಾಟಲು ಒಂದು ಗಾಡಿಯೂ ಅಡ್ಡ ಇರಲಿಲ್ಲ. ನಾನು ಖಾಲಿ ಬಟ್ಟಲನ್ನೇ ಎತ್ತಿ ಚಹಾ ಕುಡಿದಂತೆ ಮಾಡಿದೆ. ಬಟ್ಟಲು ತೆಗೆದುಕೊಳ್ಳುವಾಗ ಕುತ್ತಿಗೆ ತಿರುಗಿಸಿದೆ. ಅದನ್ನೂ ಆತ ನೋಡಿದ. ಆಮೇಲೆ ನನ್ನ ಕಡೆ ನೋಡಲಿಲ್ಲ. ಕೊರಳಲ್ಲಿ ಆಟದ ಗಾಡಿ ತೂಗುತ್ತಿರಲು ಡೇರೆಯ ಸುತ್ತ ನಡೆದ.

ಆಟದ ಗಾಡಿ ಎಂಬ ಮಾತು ಮೊದಲು ಆಡಿದವನು ನಾನು.

ಮತ್ತೆ ಆತ ಮೈದಾನಕ್ಕೆ ಬರಲಿಲ್ಲ. ಹರತಾಳ ಮುಗಿಯಿತು, ಬಸ್ಸು ಓಡಿದವು. ಆತ ಕೇಳಿಕೊಂಡು ಬಶೀರಾಬಾದಿನ ಕಡೆಯ ಹಳ್ಳಿಗಳ ಬಸ್ಸಿಗೆ ಹೋದ ಎಂದು ತಿಳಿಯಿತು. ಹಲಗೆಯ ಮೇಲೆ ನನ್ನ ಹೆಸರು ಹಾಗೆಯೇ ಉಳಿಯಿತು. ಮಳೆ ಬಂದರೆ ಗಿರಾಕಿಗಳಿಗೆ ಕಪ್ಪು ಗೆರೆ ಬಿಟ್ಟು ಹೊರಗೆ ಹೋಗಿ ಎಂದು ನಾನೇ ಕಲಿಸುತ್ತಿದ್ದೆ. ಯಾರು ಕಂಡುಹಿಡಿದದ್ದು ಎಂದು ಕೇಳಿದರೆ ಸುಮ್ಮನಿರುತ್ತಿದ್ದೆ. ರಾಜ್ಯ ಬಂದ ದಿನ ಊರಲ್ಲಿ ಪಟಾಕಿ ಹೊಡೆದರು. ನಾನು ಗೇಟು ಹಾಕಿಕೊಂಡು ಟಾಕಿಯ ಬುಡದಲ್ಲಿ ಕುಳಿತಿದ್ದೆ. ಸ್ವಲ್ಪ ಕಾಲಕ್ಕೆ ಮಾಲಕ ಜಾಗ ಮಾರಿದ.

ಒಮ್ಮೆ ಮಾತ್ರ ಕಂಡಿದ್ದೆ. ಮಗಳ ಮನೆಗೆಂದು ತಾಂಡೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನೊಳಗೆ ಒಂದು ಬಸ್ಸು ತುಂಬಿ ಬಂತು, ಬಾಗಿಲಲ್ಲೆಲ್ಲ ಜನ ನಿಂತಿದ್ದರು. ಇಕ್ಕಟ್ಟಿನ ಮೂಲೆ ತಿರುಗಿತು. ನಿಂತ ಒಬ್ಬರೂ ಕಂಬಿ ಹಿಡಿಯಲಿಲ್ಲ. ಯಾರು ಓಡಿಸುತ್ತಿದ್ದಾರೆಂದು ನೋಡದೆಯೇ ತಿಳಿಯಿತು. ನಾನು ಹಾಸುಗಲ್ಲು ಹೇರಿದ ಲಾರಿಯ ಮರೆಗೆ ಸರಿದೆ.

ಈಗ ಆತ ನಿವೃತ್ತನಾಗಿ ಊರಲ್ಲಿದ್ದಾನೆ, ತಮ್ಮಂದಿರ ಜೊತೆ ಕುರಿ ನೋಡಿಕೊಳ್ಳುತ್ತಾನೆ ಎಂದು ಯಾರೋ ಹೇಳಿದರು. ಆ ಡಾಂಬರಿನ ತುಂಡು ನೋಡಿ ಬಂದ ವಾರ ನಾನು ನಾರಾಯಣಖೇಡಕ್ಕೆ ಹೋದೆ. ಅವನ ಊರು ನಾಗಲಗಿದ್ದದ ಬಸ್ಸು ಎದುರಿಗೇ ನಿಂತಿತ್ತು. ಚೀಲದಲ್ಲಿ ಹಳದಿ ಕಲ್ಲಿತ್ತು. ಅದನ್ನು ಇಷ್ಟು ವರ್ಷ ನೀರಿನ ಕೊಡದ ಅಡಿಗೆ ಇಟ್ಟುಕೊಂಡಿದ್ದೇನೆ. “ಬರ್ತೀರೇನ್ರಿ ಮುತ್ಯಾ?” ಎಂದು ಕಂಡಕ್ಟರ್ ಕೇಳಿದ. ಬಾಯಿ ತೆರೆದೆ. ಯಾರ ಮನೆಗೆ ಎಂದು ಕೇಳಿದರೆ ಆ ಹೆಸರು ಹೇಳಬೇಕಾಗುತ್ತದೆ. ತಲೆ ಅಲ್ಲಾಡಿಸಿದೆ. ಬಸ್ಸು ಹೋಯಿತು.

ಚಹಾದಂಗಡಿಯಲ್ಲಿ ಆಡಿದ ಆ ಮಾತನ್ನು ಇಲ್ಲಿ ತಿದ್ದಿ ಬರೆಯುತ್ತೇನೆ. ಹರತಾಳದ ದಿನಗಳಲ್ಲಿ ಆತನನ್ನು ಗಾಡಿಯಲ್ಲಿ ಕೂರಿಸಿದವನು ನಾನು. ಮಾಲಕನ ಮಂದಿಯ ಮುಂದೆ ಆತ ಓಡಿಸಿದ್ದು ನನ್ನ ಸಲುವಾಗಿ. ಕೂಲಿ ಕೊಡಲು ಬಂದಾಗ ಕೈ ಹಿಂದೆ ಕಟ್ಟಿಕೊಂಡ. ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಆ ಮನುಷ್ಯನ ಹೆಸರು ಬೀರಪ್ಪ. ನಾಗಲಗಿದ್ದದ ಮಾಳಪ್ಪನ ಮಗ ಬೀರಪ್ಪ.